ಮೂರು ಗಂಟೆ ದೂರದ ಮಿಲ್ಟ್ರಿ

ಲಿಮಾ ಪಟ್ಟಣದಿಂದ ಬೊಗೋಟ ಪಟ್ಟಣಕ್ಕೆ ವಿಮಾನದಲ್ಲಿ ಮೂರು ಗಂಟೆ. ನಡೆದರೆ? ಆಂಡಿಸ್ ಬೆಟ್ಟ ಹತ್ತಿ ಇಳಿಯೋದರಲ್ಲಿ ಮೆಟ್ಟು ಸವೆದು, ಅಂಗಾಲೂ ಸವೆದೀತು! ನಾನು ಎರಡೂ ಊರು ಕಂಡವನಲ್ಲ. ನೋಡಿ ಬಂದವರೇ ನನ್ನ ಹತ್ತಿರ ದಾರಿ ಕೇಳ್ತಾರೆ, ಅದು ಬಿಡಿ.

ಬೊಗೋಟದ ಬಾಡಿಗೆ ಕೋಣೆಯಲ್ಲಿ ಹುಣಸೂರು ಕಡೆಯ ಸೋನಾಬಾಯಿ ಒಬ್ಬಳೇ ಇದ್ದಳು. ತಲೆಗೆ ಹಚ್ಚುವ ಬೇರಿನೆಣ್ಣೆ ಮಾರಿಕೊಂಡು ದೇಶ ತಿರುಗುವವಳು. ಮಗನನ್ನು ಊರಿನವರ ಜೊತೆ ಲಿಮಾದಲ್ಲಿ ಬಿಟ್ಟು, "ಮಿಕ್ಕ ಬಾಟಲಿ ಮಾರಿ ಬಾರಪ್ಪ" ಎಂದು ಮುಂದೆ ಬಂದಿದ್ದಳು. ಮಗನ ಹೆಸರು ಮಿಲ್ಟ್ರಿ. ಹುಟ್ಟಿದ ದಿನ ಕೇರಿಗೆ ಮಿಲ್ಟ್ರಿ ಲಾರಿ ಬಂದಿತ್ತು. ಹೆಸರು ಕೊಟ್ಟ ಲಾರಿ ಬುದ್ಧಿಯನ್ನು ಹೇರಿಕೊಂಡು ಹೋಯಿತು!

ಬೊಗೋಟದಲ್ಲಿ ಅವಳ ಮಾತು ತಿಳಿಯುವ ನರಪಿಳ್ಳೆ ಇಲ್ಲ. ವ್ಯಾಪಾರವೆಲ್ಲ ಕೈಸನ್ನೆ. ಎಣ್ಣೆ ಬಾಟಲಿಗಳನ್ನೇ ಸಾಲಾಗಿ ಕೂರಿಸಿ, "ಊಟ ಆಯ್ತೇನ್ರೋ?" ಅಂತ ಕೇಳುತ್ತಿದ್ದಳು. ಕೊನೆಗೆ ಮಗನಿಗೆ ಫೋನು ಮಾಡಿದಳು.

"ಒಬ್ಳೇ ಇರಕ್ಕಾಗಲ್ಲ ಕಣ್ಲಾ. ಬಂದ್ಬಿಡು. ಮೂರೇ ಗಂಟೆ ದೂರ!"

"ಹಂಗೇ ಆಗ್ಲಿ ಅವ್ವ!"

ಮೂರು ಗಂಟೆ ಆಯಿತು. ಫೋನು ಬಂತು. "ಅವ್ವಾ, ಬಂದೆ! ಬಾಗಿಲು ತೆಗಿ!"

ಓಡಿ ಹೋಗಿ ತೆಗೆದಳು. ಯಾರೂ ಇಲ್ಲ.

"ಎಲ್ಲಿದ್ದೀಯೋ?"

"ಮೂರು ಗಂಟೆ ನಡೆದೆ ಕಣವ್ವ. ಇಲ್ಲಿ ಸಮುದ್ರ ಅದೆ, ಮೀನು ಮಾರೋ ಅಜ್ಜಿ ಅವಳೆ. ನೀನೇ ಇಲ್ಲ!"

"ಅಯ್ಯೋ ಪೆದ್ದು ಮುಂಡೇದೆ! ನಡೆಯೋದಲ್ಲ! ಟಿಕೆಟ್ ತಗೊಂಡು ಏರ್‌ಪೋರ್ಟಿಗೆ ಹೋಗಿ ಕೂತ್ಕೊ. ಮೂರು ಗಂಟೇಲಿ ಇಲ್ಲಿರ್ತೀಯ!"

"ಹಂಗೇ ಆಗ್ಲಿ ಅವ್ವ!"

ಮರುದಿನ ಮತ್ತೆ ಫೋನು. "ಅವ್ವಾ, ಬಂದೆ! ಬಾಗಿಲು ತೆಗಿ!"

ತೆಗೆದಳು. ಯಾರೂ ಇಲ್ಲ.

"ಏರ್‌ಪೋರ್ಟಿನ ಬೆಂಚಲ್ಲಿ ಮೂರು ಗಂಟೆ ಕೂತೆ ಕಣವ್ವ. ಹೊರಗೆ ಬಂದ್ರೆ ಬೊಗೋಟನೂ ಲಿಮಾ ಥರಾನೇ ಅದೆ!"

"ಬೆಂಚಲ್ಲ ಕಣೋ, ವಿಮಾನದೊಳಗೆ! ಇನ್ನೊಂದು ಟಿಕೆಟ್ ತಗೊ. ಹತ್ತಿ ಕೂತ್ರೆ ನಾನು ಹೇಳೋವರೆಗೂ ಏಳ್ಬೇಡ!"

"ಹಂಗೇ ಆಗ್ಲಿ ಅವ್ವ!"

ಈ ಸಲ ಅವಳೇ ಬೊಗೋಟದ ಏರ್‌ಪೋರ್ಟಿಗೆ ಹೋದಳು. ವಿಮಾನ ಇಳಿಯಿತು. ಜನ ಬಂದರು. ಅಪ್ಪಿಕೊಂಡರು, ಅತ್ತರು, ನಕ್ಕರು, ಹೋದರು. ಸೋನಾಬಾಯಿ ಮಾತ್ರ ಬಾಗಿಲು ನೋಡುತ್ತ ನಿಂತಳು. ಮಗನ ಫೋನು ಹತ್ತಲಿಲ್ಲ.

ವಿಮಾನದೊಳಗೆ ಗಗನಸಖಿಯರು ಅವನನ್ನು ಎಳೆದರು, ಪೈಲಟ್ಟು ಕೈ ಮುಗಿದ. "ನಮ್ಮವ್ವ ಹೇಳ್ಬೇಕು!" ಅಂತ ಮಿಲ್ಟ್ರಿ ಸೀಟಿನ ಬೆಲ್ಟನ್ನು ಹಗ್ಗದಂತೆ ಗಂಟು ಹಾಕಿಕೊಂಡ. ಸಾಕಾಗಿ ವಿಮಾನ ಅವನನ್ನು ಹೊತ್ತೇ ಲಿಮಾಕ್ಕೆ ವಾಪಸ್ಸಾಯಿತು. ಅಲ್ಲೂ ಏಳಲಿಲ್ಲ. ಎಣ್ಣೆ ತುಂಬಿಸಿಕೊಂಡು ಅದೇ ವಿಮಾನ ಮತ್ತೆ ಬೊಗೋಟಕ್ಕೆ ಹೊರಡಬೇಕು; ಗಗನಸಖಿಯೊಬ್ಬಳು ಅವನ ಫೋನು ಹಚ್ಚಿಕೊಟ್ಟಳು.

"ಅವ್ವಾ, ನೀನು ಹೇಳ್ಲೇ ಇಲ್ಲ! ಇನ್ನೂ ಕೂತೇ ಇದ್ದೀನಿ!"

ಮಗನ ದನಿ ಕೇಳಿದ್ದೇ ತಡ, ಸೋನಾಬಾಯಿಗೆ ಅಳು ಒತ್ತರಿಸಿ ಬಂತು. ಅವನು ಇನ್ನೂ ಬೊಗೋಟದ ಏರ್‌ಪೋರ್ಟಿನ ಗೋಡೆಯಾಚೆಗೇ ಇದ್ದಾನೆ ಅಂದುಕೊಂಡಳು.

"ಏಳೋ ನನ್ನಪ್ಪಾ! ಇಳಿಯೋ ಬೇಗ!"

"ಅವ್ವ ಹೇಳಿದ್ಲು!" ಮಿಲ್ಟ್ರಿ ಗಂಟು ಬಿಚ್ಚಿ ದಡದಡ ಇಳಿದೇಬಿಟ್ಟ.

ವಿಮಾನ ಬೊಗೋಟಕ್ಕೆ ಹಾರಿತು. ಮೂರೇ ಗಂಟೆ. ಕಿಟಕಿ ಪಕ್ಕದ ಒಂದು ಸೀಟು ಖಾಲಿ.