ಈರಣ್ಣನ ಮೂರು ಸಾಲಿನ ಹಾಳೆ

ಮಕ್ಕಳೇ, ಹೆಬ್ಬಳ್ಳದ ಕಾಡಿನ ಪ್ರಾಣಿಗಳು ಕಂಪ್ಯೂಟರ್ ಕಲಿತಿದ್ದವು. ನಗಬೇಡಿ, ನಿಜವಾಗಿಯೂ ಕಲಿತಿದ್ದವು! ಅಲ್ಲಿನ ಕೆರೆಯ ದಂಡೆಯ ಬಿಲದಲ್ಲಿ ಮುಳ್ಳುಹಂದಿ ಚೌಡಮ್ಮ ಎರಡು ಮರಿಗಳೊಂದಿಗೆ ಇದ್ದಳು. ಮೋಡ ಕಂಡರೆ ಸಾಕು, ಅವಳ ಎದೆ ಡವಡವ. ಕೆರೆ ಉಕ್ಕಿದರೆ ಮೊದಲು ಮುಳುಗುವುದು ಅವಳ ಬಿಲವೇ.

ಮುಂಗುಸಿ ಈರಣ್ಣ 'ಸರದಿ' ಎಂಬ ಪ್ರೋಗ್ರಾಂ ಬರೆದಿದ್ದ. ಅದು ಕೆರೆಯ ನೀರು ಅಳೆದು, ಎಷ್ಟು ಏರಿತೆಂದು ನೋಡಿ, ಅಪಾಯವಿದ್ದರೆ ಗಂಟೆ ಬಾರಿಸುತ್ತಿತ್ತು. ಎಲ್ಲವನ್ನೂ ಒಂದಾದ ಮೇಲೊಂದು ತಾನೇ ಮಾಡುತ್ತಿತ್ತು. ಆದರೆ ಈ ಮಹಾಶಯ ಅದನ್ನು ಸಿದ್ಧಮಾಡಿ ಕೊಡುತ್ತಿರಲಿಲ್ಲ. ಊಟ ಬಡಿಸದೆ ಅಕ್ಕಿ ಬೇಳೆ ಕೈಗಿಟ್ಟ ಹಾಗೆ, ಅವರವರೇ ಕಟ್ಟಿಕೊಂಡು ನಡೆಸಬೇಕಾದ ಬರೀ ಕೋಡ್ ಕೊಟ್ಟು, ಜೊತೆಗೊಂದು ಹಾಳೆ ಕೊಡುತ್ತಿದ್ದ. ಅದರಲ್ಲಿ ಮೂರೇ ಸಾಲು: ಕೋಡ್ ಇಳಿಸಿಕೊಳ್ಳಿ. 'ಕಟ್ಟು' ಎಂದು ಟೈಪ್ ಮಾಡಿ. 'ನಡೆ' ಎಂದು ಟೈಪ್ ಮಾಡಿ.

ಚೌಡಮ್ಮ ಅಕ್ಷರ ತಪ್ಪದೆ ಹಾಗೇ ಮಾಡಿದಳು. ಕಪ್ಪು ಪರದೆಯ ಮೇಲೆ 'ಕೊಂಡಿ ಸಿಗಲಿಲ್ಲ' ಎಂದು ಬಂತು. ಮತ್ತೆ ಮಾಡಿದಳು. ಮತ್ತೆ ಅದೇ!

"ಈರಣ್ಣಾ, ಕೊಂಡಿ ಸಿಗಲಿಲ್ಲ ಅನ್ನುತ್ತದಲ್ಲ, ಏನು ಮಾಡಲಪ್ಪಾ?"

"ನನ್ನ ಕಂಪ್ಯೂಟರಿನಲ್ಲಿ ಚೆನ್ನಾಗೇ ನಡೆಯುತ್ತಿದೆ. ಹಾಳೆ ಸರಿಯಾಗಿ ಓದಕ್ಕ" ಎಂದ ಈರಣ್ಣ, ತಲೆಯನ್ನೂ ಎತ್ತದೆ.

ಮೂರನೇ ಸಲ ಹೋದಾಗ, "ಇದೆಲ್ಲ ನಿನ್ನ ತಲೆಗೆ ಹತ್ತುವುದಲ್ಲ, ಬಿಡು" ಎಂದುಬಿಟ್ಟ. ಚೌಡಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಉರಿಯದೆ ಇರುತ್ತದೆಯೇ?

ಮಾರನೆಯ ಮಧ್ಯಾಹ್ನ ಮಳೆ ಸುರಿಯಿತು. ಚೌಡಮ್ಮನ ಕಂಪ್ಯೂಟರಿನ ಗಂಟೆ ಮೊಳಗಲೇ ಇಲ್ಲ. ಬಿಲಕ್ಕೆ ನೀರು ನುಗ್ಗಿದಾಗ ಮರಿಗಳಿಗೆ ಗಾಢ ನಿದ್ದೆ. ಒಂದನ್ನು ಹೊರಗೆಳೆದು ತಂದಳು. ಇನ್ನೊಂದು ಕೈಗೆ ಸಿಗುವಷ್ಟರಲ್ಲಿ ಅದರ ಉಸಿರೇ ನಿಂತಂತಿತ್ತು. ಬೆನ್ನು ತಟ್ಟಿದಳು, ಮತ್ತೆ ಮತ್ತೆ ತಟ್ಟಿದಳು; ಕೊನೆಗೂ ಅದು ಕೆಮ್ಮಿತು.

ಚೌಡಮ್ಮ ಅಳಲಿಲ್ಲ. ಒದ್ದೆ ಮರಿಗಳನ್ನು ಕಂಕುಳಲ್ಲಿ ಅವುಚಿಕೊಂಡು ನೇರ ಈರಣ್ಣನ ಮನೆಗೆ ನಡೆದಳು. ದಾರಿಯಲ್ಲಿ ಸಿಕ್ಕವರನ್ನೆಲ್ಲ ಕರೆದಳು. ಜಿಂಕೆಯ ಮನೆಯಿಂದ ಹೊಸ ಕಂಪ್ಯೂಟರ್ ತರಿಸಿ ಅವನ ಮುಂದೆ ಕುಕ್ಕಿದಳು.

"ಕಟ್ಟು ಇದರಲ್ಲಿ! ನಿನ್ನ ಹಾಳೆ ನೋಡಿಕೊಂಡೇ ಕಟ್ಟು. ಅದರಲ್ಲಿ ಇಲ್ಲದ ಒಂದಕ್ಷರ ಒತ್ತಿದೆಯೋ, ನೋಡು!"

ಈರಣ್ಣ ನಗುತ್ತಲೇ ಟೈಪ್ ಮಾಡಿದ. 'ಕೊಂಡಿ ಸಿಗಲಿಲ್ಲ.' ನಗು ಮಾಯವಾಯಿತು.

"ಓ... ಕಟ್ಟುವ ಮೊದಲು ಕೊಂಡಿ ಅನ್ನುವ ಇನ್ನೊಂದು ಪ್ರೋಗ್ರಾಂ ಹಾಕಿಕೊಳ್ಳಬೇಕು. ನಾನು ಎಂದೋ ಹಾಕಿದ್ದೆ. ಅದು ಎಲ್ಲರಿಗೂ ಗೊತ್ತಿರುವುದೇ ಅಲ್ಲವೇ?"

"ಯಾರಿಗೆ ಗೊತ್ತಿತ್ತು? ಕೈ ಎತ್ತಿ!" ಎಂದು ಚೌಡಮ್ಮ ಗುಡುಗಿದಳು.

ಜಿಂಕೆ ಎತ್ತಲಿಲ್ಲ. ಮೊಲ ಎತ್ತಲಿಲ್ಲ. ಯಾರೂ ಎತ್ತಲಿಲ್ಲ. ಮರಿಯೊಂದು ಮತ್ತೆ ಕೆಮ್ಮಿತು. ಈರಣ್ಣ ತಲೆ ತಗ್ಗಿಸಿದ.

ಚೌಡಮ್ಮ ತನ್ನ ಬೆನ್ನಿನಿಂದ ಒಂದು ಮುಳ್ಳು ಕಿತ್ತು ಅವನ ಕೈಗೆ ತುರುಕಿದಳು.

"ಬಿಟ್ಟ ಸಾಲನ್ನು ಹಾಳೆಯಲ್ಲಿ ಬರೆ. ಈಗಲೇ ಬರೆ."

ನೀತಿ: ನಮಗೆ ಗೊತ್ತಿರುವುದು ಎಲ್ಲರಿಗೂ ಗೊತ್ತಿದೆ ಎಂದುಕೊಂಡು ಅರ್ಧ ದಾರಿ ಮಾತ್ರ ಹೇಳುವವನು, ನಂಬಿ ಬಂದವರನ್ನು ನಡುನೀರಿನಲ್ಲಿ ಬಿಡುತ್ತಾನೆ.