ಹಿಡಿಯಿಲ್ಲದ ಮಡು

ನಮ್ಮೂರ ಹಳ್ಳ ಹೊಳೆಯನ್ನು ಕೂಡುವಲ್ಲಿ, ಎರಡು ಕರಿಬಂಡೆಗಳ ನಡುವೆ ನೀರು ಸುತ್ತಿ ನಿಲ್ಲುವ ಜಾಗಕ್ಕೆ ಹಿಡಿಯಿಲ್ಲದ ಮಡು ಎಂದು ಹೆಸರು. ಬಿದ್ದವರಿಗೆ ಹಿಡಿದುಕೊಳ್ಳಲು ಒಂದು ಬೇರೂ ಸಿಗುವುದಿಲ್ಲವಾದ್ದರಿಂದ ಈ ಹೆಸರು ಬಂತೆಂದು ದಂಡೆಯ ಹಲಗೆಯ ಮೇಲೆ ಯಾರೋ ಬರೆಸಿದ್ದಾರೆ. ಬರೆಸಿದ ಪುಣ್ಯಾತ್ಮ ಊರಲ್ಲಿ ಒಬ್ಬರನ್ನಾದರೂ ಕೇಳಬಹುದಿತ್ತು. ಬೇರಿನ ಮಾತಿರಲಿ, ಅತ್ತಿಯ ಕೊಂಬೆಗಳೇ ನೀರಿಗೆ ಬಾಗಿವೆ. ನಮ್ಮ ಮಕ್ಕಳು ಅವನ್ನು ಹಿಡಿದೇ ಈಜು ಕಲಿಯುತ್ತಾರೆ. ಇಲ್ಲಿಯ ಹಿಡಿ ಎಂದರೆ ಚೂರಿಯ ಹಿಡಿ.

ಹಿಂದೆ ಒಮ್ಮೆ, ಊರಿನಿಂದ ದೂರವಾಗಿ ಇದೇ ದಂಡೆಯ ಮೇಲೆ ಕಾಳೋಜನೆಂಬ ಕಮ್ಮಾರನ ಕುಲುಮೆ ಇತ್ತು ಎನ್ನುತ್ತಾರೆ. ಅವನು ಮಾಡುತ್ತಿದ್ದುದು ಚೂರಿ ಮಾತ್ರ, ಅದೂ ಕೇಳಿದವರ ಕೈಯಳತೆ ನೋಡಿ. ಬಡಿದು, ಹದ ಹಾಕಿ, ಸಾಣೆ ಹಿಡಿದ ಮೇಲೆ ಅಲಗಿನ ಬಾಲವನ್ನು ಕಾಯಿಸಿ, ಅರಗು ತುಂಬಿದ ಕಟ್ಟಿಗೆಯ ಹಿಡಿಯೊಳಕ್ಕೆ ಇಳಿಸುತ್ತಿದ್ದ. ಅರಗು ಆರುವವರೆಗೆ ಅದನ್ನು ಯಾರೂ ಮುಟ್ಟುವಂತಿರಲಿಲ್ಲ. ಹಿಡಿಯಿಲ್ಲದ ಅಲಗು ಕುಲುಮೆಯ ಹೊಸ್ತಿಲು ದಾಟಿದರೆ ಕಮ್ಮಾರನ ಮನೆಯದೇ ಒಂದು ಜೀವ ಬೇಡುತ್ತದೆ ಎಂಬುದು ಆ ಮನೆತನದ ನಂಬಿಕೆ. ತಂದೆ ಸಾಯುವಾಗ ಕಾಳೋಜನಿಂದ ಅದೊಂದಕ್ಕೇ ಭಾಷೆ ತೆಗೆದುಕೊಂಡಿದ್ದನಂತೆ.

ಒಂದು ಮಧ್ಯಾಹ್ನ ಹರಗೋಲಿನ ಅಂಬಿಗನೊಬ್ಬ ತೊಯ್ದು ತೊಪ್ಪೆಯಾಗಿ ಕುಲುಮೆಗೆ ಓಡಿಬಂದ. ಈ ಕಡವಿಗೆ ಹೊಸಬ, ಯಾರ ಗುರುತೂ ಇಲ್ಲದವನು. ಮೇಲೆಲ್ಲೋ ಮಳೆಯಾಗಿ ಹೊಳೆ ಏರುತ್ತಿತ್ತು. ಹರಗೋಲು ಬಂಡೆಗೆ ಬಡಿದು ಮಗುಚಿ, ಅದರಲ್ಲಿದ್ದ ಹೆಂಗಸಿನ ಕಾಲಿಗೆ ಹಗ್ಗ ಸುತ್ತಿಕೊಂಡು ಬಂಡೆಯ ಸಂದಿಯಲ್ಲಿ ಬಿಗಿದುಹೋಗಿತ್ತು. ಅಂಬಿಗನ ಸೊಂಟದ ಚೂರಿ ನೀರುಪಾಲಾಗಿತ್ತು.

“ಯಪ್ಪಾ, ಒಂದ್ ಚೂರಿ ಕೊಡು, ಹಗ್ಗ ಕೊಯ್ಬೇಕು. ನೀರು ಆ ಹೆಣ್ಮಗಳ ಎದೀಮಟ ಬಂದೈತಿ!”

ಮಾಡಿಸಿದವರು ತಮ್ಮ ತಮ್ಮ ಚೂರಿ ಒಯ್ದಿದ್ದರಿಂದ, ಆಗಷ್ಟೇ ಸಾಣೆ ಕಂಡ ಒಂದೇ ಒಂದು ಅಲಗು ಅಲ್ಲಿ ಉಳಿದಿತ್ತು. ಕಾಳೋಜ ಕಲ್ಲೆದೆಯವನಲ್ಲ, ಕೇಳಿದೊಡನೆ ಎದ್ದು ಅಲಗನ್ನು ಕೈಗೆತ್ತಿಕೊಂಡ. “ತಡಿ, ಹಿಡಿ ಕೂಡಿಸಿ ಕೊಡ್ತೀನಿ” ಎಂದು ತಿದಿ ಒತ್ತತೊಡಗಿದ. “ಹಿಡಿ ಬ್ಯಾಡೋ ಯಪ್ಪಾ, ಅರಿವಿ ಸುತ್ಕೊಂಡು ಹಿಡೀತೀನಿ” ಎಂದು ಅಂಬಿಗ ಕಾಲಿಗೆ ಬಿದ್ದ. ಅವಸರದಲ್ಲಿ ಬಾಲ ಅತಿಯಾಗಿ ಕಾದು ಮೊದಲನೆಯ ಹಿಡಿ ಸೀಳಿತು. ಕಾಳೋಜ ಅಳುತ್ತಲೇ ಇನ್ನೊಂದಕ್ಕೆ ಅರಗು ಕರಗಿಸಿದ. ಅಂಬಿಗ ಅಲಗು ಕಸಿದುಕೊಳ್ಳಲು ಬಂದರೆ ಎದೆಗೆ ಕೈಕೊಟ್ಟು ತಳ್ಳಿದ. ಅರಗು ಆರಲು ಎಲೆಅಡಿಕೆ ಹಾಕಿ ಉಗುಳುವಷ್ಟು ಹೊತ್ತು ಸಾಕು. ಆದರೆ ಹೊಳೆ ಯಾರ ಭಾಷೆಗೂ ಕಾಯುವುದಿಲ್ಲ.

ಇಬ್ಬರೂ ಎದ್ದೆವೋ ಬಿದ್ದೆವೋ ಎಂದು ಓಡಿದರು. ಬಂಡೆ ಮುಳುಗಿತ್ತು. ಮಡುವಿನ ತುಂಬ ಇದ್ದಿಲು ತೇಲುತ್ತಿತ್ತು. ಆಚೆಯ ಕಾಡಿನಿಂದ ಇದ್ದಿಲು ಬರುತ್ತಿದ್ದುದು ಕಾಳೋಜನ ಕುಲುಮೆಗೆ ಮಾತ್ರ, ತರುತ್ತಿದ್ದವಳು ಅವನ ಹೆಂಡತಿ ದ್ಯಾವವ್ವ. ಆಕೆ ಸಂಜೆಗೆ ಬರುತ್ತಾಳೆಂದು ಅವನು ತಿಳಿದಿದ್ದ. ಧುಮುಕಿ ಚೂರಿ ಎಳೆದ; ಒಂದೇ ಎಳೆತಕ್ಕೆ ಹಗ್ಗ ಹರಿಯಿತು. ಹಿಡಿ ಕೂದಲೆಳೆಯಷ್ಟೂ ಅಲುಗಲಿಲ್ಲ. ದ್ಯಾವವ್ವನ ಜೀವ ಹೋಗಿತ್ತು.

ಊರವರು ಸಮಾಧಾನ ಹೇಳಬಂದರು. “ಆಕಿ ಅಂತ ನಿನಗ ಗೊತ್ತಿರಲಿಲ್ಲ ಬಿಡೋ” ಎಂದರು.

“ಗೊತ್ತಿದ್ರ ಬರೇ ಅಲಗು ಕೊಡ್ತಿದ್ನಲ್ಲೋ! ಮಂದಿ ಹೆಂಡ್ತಿ ಅಂತ ಭಾಷಿ ಕಾಯ್ದೆ” ಎಂದು ಕಾಳೋಜ ಹಣೆ ಹಣೆ ಚಚ್ಚಿಕೊಂಡನಂತೆ. ಹೊಳೆ ಇಳಿದ ಮೇಲೆ ಅದೇ ಬಂಡೆಗೆ ಹಿಡಿಯನ್ನು ಜಜ್ಜಿ ಕಿತ್ತು, ಬರಿಯ ಅಲಗನ್ನು ಕೈಗೆಟುಕುವ ಬಿರುಕಿನಲ್ಲಿ ಸಿಕ್ಕಿಸಿದ. ಆಮೇಲೆ ಅವನು ಬದುಕಿದ್ದು ಬಹಳ ದಿನವಲ್ಲ ಎನ್ನುತ್ತಾರೆ.

ಇಂದಿಗೂ ಮಡು ನೋಡಲು ಬಂದವರಿಗೆ ಆ ಬಂಡೆಯ ಬಿರುಕಿನಲ್ಲಿ ಒಂದು ಬೋಳು ಅಲಗು ಕಾಣುತ್ತದೆ. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಕಮ್ಮಾರರ ಮನೆಯವರು ಬಂದು, ತುಕ್ಕು ಹಿಡಿದದ್ದನ್ನು ತೆಗೆದು, ಚೆನ್ನಾಗಿ ಮಸೆದ ಹೊಸದನ್ನು ಇಟ್ಟು ಹೋಗುತ್ತಾರೆ. ಯಾರು ಬೇಕಾದರೂ ಅದನ್ನು ಒಯ್ಯಬಹುದು. ಬೆರಳು ಕೊಯ್ದುಕೊಂಡವರೂ ಇದ್ದಾರೆ. ಯಾರ ಸಲುವಾಗಿ ಒಯ್ಯುತ್ತೀ ಎಂದು ಮಾತ್ರ ಈ ದಂಡೆಯ ಮೇಲೆ ಯಾರೂ ಕೇಳುವುದಿಲ್ಲ.