ತೊಳೆಯದ ದ್ರಾಕ್ಷಿ

ಹೊಳೆಯ ದಡದಲ್ಲಿ ಒಂದು ಪುಟ್ಟ ಕ್ರೈಸ್ತ ಆಶ್ರಮ. ಅಲ್ಲಿಯ ಗುರು ಇನ್ನಾಸಪ್ಪ ಸ್ವಾಮಿ. ಮಾತು ಕಡಿಮೆ, ನಗು ಜಾಸ್ತಿ.

ಆಶ್ರಮದಲ್ಲಿ ಒಂದು ಪದ್ಧತಿ ಇತ್ತು. ದೀಕ್ಷೆಗೆ ನಿಂತ ಶಿಷ್ಯ ಕ್ರಿಸ್ಮಸ್ ಪೂಜೆಯ ದ್ರಾಕ್ಷಾರಸವನ್ನು ತನ್ನ ಕೈಯಾರೆ ಮಾಡಬೇಕು. ದ್ರಾಕ್ಷಿಯ ಹೊರತು ಬೇರೇನನ್ನೂ ಹಾಕುವಂತಿಲ್ಲ, ಒಂದು ಚಿಟಿಕೆ ಸಕ್ಕರೆಯನ್ನೂ ಸಹ. ರಸ ಕೆಟ್ಟರೆ ದೀಕ್ಷೆ ಮುಂದಿನ ವರ್ಷಕ್ಕೆ.

ಆ ಸಲ ಸರದಿ ಚೌರಪ್ಪನದು.

ಚೌರಪ್ಪನನ್ನು ಸಾಕಿದವಳು ಅವನ ಅಕ್ಕ ಆರೋಗ್ಯಮ್ಮ. ಅವಳದು ಹೆಂಡದಂಗಡಿ. ಅಂಗಡಿಯ ಹಿಂದಿನ ಕೋಣೆಯಲ್ಲೇ ಅವನು ಬೆಳೆದ, ಓದಿದ, ಉಂಡ. ಆಶ್ರಮ ಸೇರಿದ ಮೇಲೆ ಅವನಿಗೆ ಅದೆಲ್ಲ ಮೈಗಂಟಿದ ಹೊಲಸಿನಂತೆ ಕಾಣತೊಡಗಿತು. ದಿನಕ್ಕೆ ಮೂರು ಸಲ ಹೊಳೆಗೆ ಇಳಿಯುತ್ತಿದ್ದ. ಊರ ಕಡೆ ತಲೆಹಾಕಿಯೂ ಮಲಗುತ್ತಿರಲಿಲ್ಲ.

ಕಪ್ಪು ದ್ರಾಕ್ಷಿಯ ಬುಟ್ಟಿ ಬಂತು. ಚೌರಪ್ಪ ತೊಳೆದ. ಬಿಸಿನೀರಲ್ಲಿ ಇನ್ನೊಮ್ಮೆ ತೊಳೆದ. ಆಮೇಲೆ ಒಂದೊಂದೇ ಹಣ್ಣನ್ನು ಬಟ್ಟೆಯಲ್ಲಿ ತಿಕ್ಕಿ ತಿಕ್ಕಿ ಒರೆಸಿದ. ಹಣ್ಣುಗಳು ಕನ್ನಡಿಯಂತೆ ಹೊಳೆದವು.

ಗುರುಗಳು ನೋಡಿದರು. "ಇಷ್ಟೊಂದು ತಿಕ್ಕಬೇಕೇನಪ್ಪ?"

"ದೇವರ ಪೂಜೆಗಲ್ವಾ ಸ್ವಾಮಿ? ಒಂದು ಕಣ ಕೊಳೆಯೂ ಇರಬಾರದು."

ಗುರುಗಳು ನಕ್ಕು ಮುಂದೆ ಹೋದರು.

ಚೌರಪ್ಪ ಹಣ್ಣು ಹಿಸುಕಿ ಭರಣಿಗೆ ತುಂಬಿದ, ಬಾಯಿಗೆ ತೆಳುಬಟ್ಟೆ ಕಟ್ಟಿದ. ದಿನಾ ಭರಣಿಗೆ ಕಿವಿಯಿಟ್ಟ. ಹುದುಗುವ ರಸ ಗುಳುಗುಳು ಅನ್ನಬೇಕು, ನೊರೆ ಕಟ್ಟಬೇಕು, ಸಿಪ್ಪೆ ಮೇಲಕ್ಕೇಳಬೇಕು. ಇದು ಉಸಿರೇ ಎತ್ತಲಿಲ್ಲ. ವಾರವಾಗುತ್ತ ಬಂದರೂ ಗರ ಬಡಿದ ಹಾಗೆ ಕೂತಿತ್ತು. ಇನ್ನೆರಡು ದಿನ ಹೀಗೇ ಇದ್ದರೆ ಬೂಷ್ಟು ಹಿಡಿಯುವುದು ಖಂಡಿತ.

ಅದೇ ದಿನ ಬಾಗಿಲಿಗೆ ಆರೋಗ್ಯಮ್ಮ ಬಂದಳು. ಕೈಯಲ್ಲೊಂದು ಚೀಲ.

"ಜಪದಲ್ಲಿದ್ದೀನಿ ಅಂತ ಹೇಳಿಬಿಡಿ ಸ್ವಾಮಿ" ಎಂದ ಚೌರಪ್ಪ.

ಗುರುಗಳು ಹೋಗಿ ಹಾಗೆಯೇ ಹೇಳಿದರು. ಆರೋಗ್ಯಮ್ಮ ಒಮ್ಮೆ ಒಳಗೆ ಇಣುಕಿ ನೋಡಿದಳು. "ಉಂಡು ತಿಂದು ಚೆನ್ನಾಗಿದ್ದಾನಾ ಸ್ವಾಮಿ? ಅಷ್ಟು ಗೊತ್ತಾದರೆ ಸಾಕು" ಎಂದು ಚೀಲ ಕೊಟ್ಟು ಹೊರಟಳು. ಅವಳು ತಿರುವಿನಲ್ಲಿ ಮರೆಯಾಗುವ ತನಕ ಗುರುಗಳು ಬಾಗಿಲಲ್ಲೇ ನಿಂತಿದ್ದರು.

ಒಳಗೆ ಬಂದಾಗ ಚೌರಪ್ಪ ಭರಣಿಯ ಪಕ್ಕ ಕೂತು ಅಳುತ್ತಿದ್ದ.

"ನನ್ನ ಕೈಯಲ್ಲೇ ದೋಷ ಇದೆ ಸ್ವಾಮಿ. ಹೆಂಡದ ದುಡ್ಡಿನ ಅನ್ನ ತಿಂದ ಮೈ ಇದು. ಎಷ್ಟು ತೊಳೆದರೂ ಹೋಗ್ತಿಲ್ಲ. ದೇವರಿಗೆ ನಾನು ಬೇಡ."

ಗುರುಗಳು ಚೀಲ ಬಿಚ್ಚಿದರು. ಒಳಗೆ ಕಪ್ಪು ದ್ರಾಕ್ಷಿಯ ಗೊಂಚಲುಗಳು.

ಚೌರಪ್ಪ ನೋಡಿದೊಡನೆ ಗುರುತು ಹಿಡಿದ. "ಇದು ಅಂಗಡಿ ಮುಂದಿನ ಚಪ್ಪರದ್ದು! ಅದರ ನೆರಳಲ್ಲೇ ಜನ ಕೂತು ಕುಡಿಯೋದು."

ಗುರುಗಳು ಗೊಂಚಲನ್ನು ಭರಣಿಯ ಮೇಲೆ ಹಿಡಿದು ಹಿಸುಕತೊಡಗಿದರು.

"ಸ್ವಾಮಿ! ತೊಳೆದಾದರೂ ಹಾಕಿ!"

"ಒಂದು ಹಣ್ಣು ಬೆರಳಲ್ಲಿ ಒರೆಸಿ ನೋಡು."

ಚೌರಪ್ಪ ಒರೆಸಿದ. ಬೆರಳಿಗೆ ತೆಳ್ಳಗೆ ಬೂದುಬಿಳಿ ಪುಡಿ ಅಂಟಿತು. "ಧೂಳು."

"ಹಾಲಿಗೆ ಹೆಪ್ಪು ಹಾಕದೆ ಮೊಸರಾಗುತ್ತಾ?"

"ಇಲ್ಲ."

"ರಸಕ್ಕೆ ಈ ಪುಡಿಯೇ ಹೆಪ್ಪು. ಬಳ್ಳಿಯಲ್ಲಿದ್ದಾಗಲೇ ಸಿಪ್ಪೆಗೆ ಅಂಟಿಕೊಂಡು ಬರುತ್ತೆ. ನೀನು ಕೊಳೆ ಅಂತ ಒರೆಸಿ ಎಸೆದದ್ದು ಅದನ್ನೇ."

ಚೌರಪ್ಪ ಬೆರಳನ್ನೇ ನೋಡಿದ. ಆಮೇಲೆ ಉಳಿದ ಗೊಂಚಲುಗಳನ್ನು ತೊಳೆಯದೆ ತಾನೇ ಭರಣಿಗೆ ಹಿಸುಕಿದ.

ಮರುದಿನ ಏನೂ ಆಗಲಿಲ್ಲ. ಅದರ ಮರುದಿನ ಪ್ರಾರ್ಥನೆಗೆ ಮೊದಲು ಅವನು ಭರಣಿಗೆ ಕಿವಿಯಿಟ್ಟ. ಒಳಗೆ ಯಾರೋ ಮೆಲ್ಲಗೆ ಗುನುಗಿದ ಹಾಗೆ ಸದ್ದು. ಬಟ್ಟೆ ಬಿಚ್ಚಿದರೆ ನೊರೆ. ಸಿಪ್ಪೆಯೆಲ್ಲ ಮೇಲೆದ್ದಿತ್ತು. ಅವನಿಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು.

ಗುರುಗಳ ಬಳಿ ಓಡಿದ. "ರಸ ಎದ್ದಿದೆ ಸ್ವಾಮಿ!"

"ಹಾಗಾದರೆ ನಿನ್ನ ದೀಕ್ಷೆಗೆ ಅಡ್ಡಿಯಿಲ್ಲ."

ಚೌರಪ್ಪ ಹೋಗಲಿಲ್ಲ. ಕಂಬಕ್ಕೆ ಒರಗಿ ನಿಂತೇ ಇದ್ದ.

"ಮತ್ತೇನು?"

"ಮೊನ್ನೆ ಅಕ್ಕ ಏನಾದರೂ ಹೇಳಿದಳಾ ಸ್ವಾಮಿ?"

"ಉಂಡು ತಿಂದು ಚೆನ್ನಾಗಿದ್ದಾನಾ ಅಂತ ಕೇಳಿದಳು."

ಚೌರಪ್ಪ ತಲೆ ತಗ್ಗಿಸಿದ. ಮೂಲೆಯಲ್ಲಿ ಖಾಲಿ ಚೀಲ ಬಿದ್ದಿತ್ತು. ಅದನ್ನು ಎತ್ತಿಕೊಂಡ. ಹೆಂಡದ ವಾಸನೆ ಇನ್ನೂ ಹೋಗಿರಲಿಲ್ಲ.

"ಇದನ್ನು ಕೊಟ್ಟು ಬರ್ತೀನಿ ಸ್ವಾಮಿ" ಎಂದು ಅಭ್ಯಾಸಬಲದಿಂದ ಹೊಳೆಯ ಮೆಟ್ಟಿಲ ಕಡೆ ಹೆಜ್ಜೆ ಹಾಕಿದ.

"ಊರಿನ ದಾರಿ ಈ ಕಡೆಯಲ್ವಾ?"

"ಚೀಲ ತೊಳೆದುಕೊಂಡು ಹೋಗ್ತೀನಿ."

"ಹಾಗೇ ತಗೊಂಡು ಹೋಗು ಮಗಾ" ಎಂದರು ಗುರುಗಳು. "ಅಕ್ಕ ಅನ್ನ ಇಟ್ಟರೆ, ಕೂತು ಉಂಡು ಬಾ."